ದೇಶಕ್ಕೆಲ್ಲ ಸೋದರಮಾವ

ನನ್ನ ಸೋದರಮಾವ ಮಾಟೇನಿ ಕೌಲಾ ನುಕುರೊವಾ ದೇಶವನ್ನು ಹತ್ತೊಂಬತ್ತು ವರ್ಷ ಆಳಿದ. ಮಂತ್ರಿಗಳು, ಬಿಷಪ್ಪರು, ಪೊಲೀಸ್ ಕಮಿಷನರು ಎಲ್ಲರೂ ಅವನ ಮುಂದೆ ನೆಲದ ಮೇಲೆ ಕೂರುತ್ತಿದ್ದರು. ಅವನು ಫಾಲೆವೈ ಊರಿಗೆ ಬಂದಾಗ ಮಾತ್ರ ನಮ್ಮ ಮನೆಯ ಹೊರಗಿನ ಮೆಟ್ಟಿಲ ಮೇಲೆ, ಬಿಸಿಲಿದ್ದರೆ ಬಿಸಿಲಲ್ಲಿ, ಮಳೆಯಿದ್ದರೆ ಮಳೆಯಲ್ಲಿ ಕೂರುತ್ತಿದ್ದ. ಒಳಗೆ ಅಮ್ಮ ಕೇದಗೆ ಗರಿಯ ಚಾಪೆ ಹೆಣೆಯುತ್ತಿರುತ್ತಿದ್ದಳು. ನಮ್ಮಲ್ಲಿ ದೊಡ್ಡವನಾದ ತಮ್ಮ ಅಕ್ಕನಿರುವ ಮನೆಯೊಳಗೆ ಕಾಲಿಡುವುದಿಲ್ಲ. ಅಕ್ಕನ ಮಾತು ಮೀರುವುದೂ ಇಲ್ಲ. ತಮ್ಮ ದೇಶ ಆಳಿದರೂ ಅಷ್ಟೇ, ಹಂದಿ ಮೇಯಿಸಿದರೂ ಅಷ್ಟೇ.

ಇನ್ನೊಂದು ಕಟ್ಟಳೆಯೂ ಉಂಟು. ಅಕ್ಕತಂಗಿಯರ ಮಕ್ಕಳು ಸೋದರಮಾವನ ಮನೆಯಿಂದ ಏನು ಬೇಕಾದರೂ ಕೇಳದೆ ತೆಗೆದುಕೊಂಡು ಹೋಗಬಹುದು. ಅಮ್ಮ ಹೆಣೆದ ಚಾಪೆಯನ್ನು ಆ ವಸ್ತುವಿನ ಮೇಲೆ ಹೊದಿಸಿದರೆ ಮುಗಿಯಿತು, ಅದು ನಮ್ಮದು. ಮಾವನಾದವನು ಬೇಡ ಅನ್ನುವಂತಿಲ್ಲ, ಮುಖ ಸಿಂಡರಿಸುವಂತೆಯೂ ಇಲ್ಲ. ನಾನು ಚಿಕ್ಕವಳಿದ್ದಾಗ ಮಾವನ ಹುಂಜ, ದೋಣಿಯ ಹುಟ್ಟು, ಹೊಸ ಟ್ರಾನ್ಸಿಸ್ಟರು ಎಲ್ಲವನ್ನೂ ಹೀಗೇ ಹೊತ್ತು ತಂದಿದ್ದೆ. ಟ್ರಾನ್ಸಿಸ್ಟರು ತಂದ ದಿನ ಅವನು ನಮ್ಮ ಬೇಲಿಯ ತನಕ ಹಿಂದೆಯೇ ಬಂದು, "ಅಲಿಸೀ, ರಗ್ಬಿ ಕಾಮೆಂಟರಿ ಬರೋವಾಗಾದ್ರೂ ಜೋರಾಗಿ ಹಾಕೇ ತಾಯಿ, ಬೇಲಿ ಹತ್ರ ನಿಂತು ಕೇಳ್ತೀನಿ" ಅಂದಿದ್ದ.

ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಸಾಕಿದವಳು ಅಮ್ಮನೇ. ಗೆಡ್ಡೆ ಊದಿ ಆರಿಸಿ ತಿನ್ನಿಸಿದವಳು, ಈಜು ಕಲಿಸಿದವಳು, ಸ್ಕೂಲು ತಪ್ಪಿಸಿ ಬಂದರಿನಲ್ಲಿ ಹಡಗು ನೋಡುತ್ತ ನಿಂತವನನ್ನು ಕಿವಿ ಹಿಡಿದು ಎಳೆದು ತಂದವಳು. ಎಳೆದು ತಂದಷ್ಟೂ ಅವನು ಬಂದರಿಗೇ ಓಡಿದ. ಕೊನೆಗೆ ದ್ವೀಪದಿಂದ ದ್ವೀಪಕ್ಕೆ ಹೋಗುವ ಫೆರಿ ಹಡಗಿನಲ್ಲಿ ಹಗ್ಗ ಎಳೆಯುವ ಕೆಲಸಕ್ಕೆ ಸೇರಿ, ಮೂವತ್ತರ ಹೊತ್ತಿಗೆ ಅದರ ಕಪ್ತಾನನೇ ಆದ. ದೊಡ್ಡ ದನಿ ಅವನದು. ಹಡಗಿನ ಲೌಡ್‌ಸ್ಪೀಕರಿನಲ್ಲಿ ಹಾಡುತ್ತಿದ್ದ, ಪ್ರಯಾಣಿಕರನ್ನು ಹೆಸರು ಹಿಡಿದು ಛೇಡಿಸುತ್ತಿದ್ದ. ಒಮ್ಮೆ ಹಡಗು ಹತ್ತಿದವರ ಹೆಸರು, ಅವರ ಹಂದಿಗಳ ಬಣ್ಣ, ಅವರ ಸೊಸೆಯರ ಜಗಳ ಅವನಿಗೆ ಮರೆಯುತ್ತಿರಲಿಲ್ಲ.

ನನಗೆ ಹದಿನಾರು ವರ್ಷವಾಗಿದ್ದಾಗ ದೊಡ್ಡ ಚಂಡಮಾರುತ ಬಂತು. ದೂರದ ಮೊಟುಇಕಿ ದ್ವೀಪ ಮುಳುಗುತ್ತಿದೆ ಅಂತ ಸುದ್ದಿ. ಹಡಗಿನ ಮಾಲೀಕರು ರಾಜಧಾನಿ ಪಾಂಗೊಲೆಯ ಶ್ರೀಮಂತರು, ಅಂಗಡಿ, ಪತ್ರಿಕೆ ಎಲ್ಲವೂ ಅವರದೇ. ಹಡಗು ಬಂದರು ಬಿಡಕೂಡದು ಅಂತ ಅವರು ಅಪ್ಪಣೆ ಮಾಡಿದರು. ಮಾವ ಮಚ್ಚಿನಿಂದ ಹಗ್ಗ ಕಡಿದು ಹೊರಟ. ಮಾರನೇ ದಿನ ಮೊಟುಇಕಿಯ ಅಷ್ಟೂ ಜನರನ್ನು, ಅವರ ಪಾದ್ರಿಯನ್ನು, ಹಂದಿಗಳನ್ನು ತುಂಬಿಕೊಂಡು ವಾಪಸು ಬಂದ. ಮಾಲೀಕರು ಜೆಟ್ಟಿಯ ಮೇಲೆಯೇ ಅವನನ್ನು ಕೆಲಸದಿಂದ ತೆಗೆದರು. ಆಗ ಕೆಲೆಪಿ ಅನ್ನುವ ಹುಡುಗ ರೇಡಿಯೋ ಕೇಂದ್ರಕ್ಕೆ ಹೊಸದಾಗಿ ಸೇರಿದ್ದ. ಅವನು ಮಾವನ ಬಾಯಿಗೆ ಮೈಕು ಹಿಡಿದ. ಮೈಮೇಲಿನ ನೀರು ಇನ್ನೂ ಆರಿರದ ಮಾವ ಅಂದ, "ಹಡಗು ಅವರದು, ಒಪ್ಪಿದೆ. ಮುಳುಗ್ತಿದ್ದೋರು ನಮ್ಮೋರು."

ದೇಶವೇ ಅತ್ತಿತು. ಮುಂದಿನ ಚುನಾವಣೆಯಲ್ಲಿ ಅವನ ಎದುರು ನಿಂತವರಿಗೆ ತಮ್ಮ ಮನೆಯವರ ವೋಟು ಕೂಡ ಬೀಳಲಿಲ್ಲ.

ಮೊದಲ ವರ್ಷಗಳು ನಿಜಕ್ಕೂ ಚೆನ್ನಾಗಿದ್ದವು, ಅದನ್ನು ಇಲ್ಲ ಅನ್ನುವುದಕ್ಕಾಗುವುದಿಲ್ಲ. ಫೆರಿ ದೇಶದ ಪಾಲಾಯಿತು. ಮುದುಕರಿಗೆ, ಸ್ಕೂಲು ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಹೊರಗಿನ ದ್ವೀಪಗಳಲ್ಲಿ ಗರಿ ಹೊದಿಸಿದ ಮನೆಗಳಿಗೆ ತಗಡಿನ ಮಾಡು ಬಂತು. ಸ್ಕೂಲಿನಲ್ಲಿ ಮಧ್ಯಾಹ್ನ ಜೀಗುಜ್ಜೆ, ಮೀನು. ಪ್ರತಿ ಸಂಜೆ ಮಾವ ರೇಡಿಯೋದಲ್ಲಿ ಮಾತಾಡುತ್ತಿದ್ದ. "ನಾನು ಅಧ್ಯಕ್ಷ ಅಲ್ಲ ಕಣ್ರಪ್ಪ, ನಿಮ್ಮೆಲ್ಲರ ಸೋದರಮಾವ. ಈ ದೇಶ ನನ್ನ ಮನೆ. ಮಾವನ ಮನೆಗೆ ಬರೋಕೆ ಸಂಕೋಚ ಯಾಕೆ?" ಅನ್ನುತ್ತಿದ್ದ. ಜನ ಅವನನ್ನು ಮಾವ ಅಂತಲೇ ಕರೆದರು. ನಮ್ಮ ಜನಕ್ಕೆ ಅದಕ್ಕಿಂತ ಹತ್ತಿರದ ಮಾತಿಲ್ಲ.

ಆಮೇಲಾಮೇಲೆ ರೇಡಿಯೋ ಮಾತು ಅರ್ಧ ಗಂಟೆಯಿಂದ ಒಂದು ಗಂಟೆಗೆ, ಒಂದರಿಂದ ಎರಡಕ್ಕೆ ಬೆಳೆಯಿತು. ಅದು ಮುಗಿಯುವ ತನಕ ಊಟಕ್ಕೆ ಕೂರುವಂತಿಲ್ಲ. ಯಾರ ಮನೆಯಲ್ಲಿ ರೇಡಿಯೋ ಸದ್ದಿಲ್ಲ ಅಂತ ನೋಡುವುದಕ್ಕೆ ನೀಲಿ ಅಂಗಿಯ ಹುಡುಗರು ಬೀದಿ ಸುತ್ತುತ್ತಿದ್ದರು. ಅಧ್ಯಕ್ಷನಾದವನು ಎರಡೇ ಸಲ ಇರಬಹುದು ಅನ್ನುವ ಕಾನೂನನ್ನು ರಗ್ಬಿ ಮೈದಾನದಲ್ಲಿ ಜನರ ಕೈ ಎತ್ತಿಸಿ ತೆಗೆದುಹಾಕಿದ. ಬೇಡವೆಂದ ನ್ಯಾಯಾಧೀಶರನ್ನು ಮನೆಗೆ ಕಳಿಸಿದ. ವಾರಪತ್ರಿಕೆ ಮುಚ್ಚಿತು, ಅದರ ಸಂಪಾದಕ ಮುದುಕ ಫಿಲಿಮೋನೆ ಜೈಲಿಗೆ ಹೋದ. ವೋಟಿನ ಚೀಟಿಯಲ್ಲಿ ಒಂದೇ ಹೆಸರು ಉಳಿಯಿತು. ಇಷ್ಟಾದರೂ ಅವನು ಮೆಟ್ಟಿಲ ಮೇಲೆ ಕೂತಾಗ ಅಮ್ಮನಿಗೆ ಅವನು ಅದೇ ಮಾಟೇನಿ. "ಸೊರಗಿದೀಯ" ಅಂತ ಕಿಟಕಿಯಿಂದ ಮೀನು ಕೊಡುತ್ತಿದ್ದಳು. ಯಾರಾದರೂ ದೂರು ತಂದರೆ, "ಅದು ಗಂಡಸರ ಕೆಲಸ, ನಂಗೇನು ತಿಳಿಯುತ್ತೆ" ಅಂತ ಗರಿ ಸೀಳುವುದರಲ್ಲಿ ಮುಳುಗುತ್ತಿದ್ದಳು.

ನಾನು ಪಾಂಗೊಲೆಯಲ್ಲಿ ಬೇಕರಿ ಇಟ್ಟಿದ್ದೆ. ತೆಂಗಿನ ಹಾಲಿನಲ್ಲಿ ಬೇಯಿಸಿದ ಬನ್ನು ನನ್ನ ಅಂಗಡಿಯದೇ ಆಗಬೇಕು ಅಂತ ಜನ ಬರುತ್ತಿದ್ದರು. ಆದರೆ ಬಾಗಿಲ ತನಕ ಗಲಗಲ ಮಾತಾಡುತ್ತ ಬಂದವರು ನನ್ನ ಮುಖ ಕಂಡೊಡನೆ ಬಾಯಿ ಮುಚ್ಚುತ್ತಿದ್ದರು. ಅಧ್ಯಕ್ಷರ ಸೋದರಸೊಸೆ! "ಬನ್ನು ಚೆನ್ನಾಗಿದೆ, ಮಾವನೂ ಚೆನ್ನಾಗಿದಾರಾ?" ಅಂತ ಕೇಳಿ, ಚೀಲ ಹಿಡಿದು ಹೊರಡುತ್ತಿದ್ದರು. ನನಗೆ ಮದುವೆಯಾಗದಿದ್ದುದಕ್ಕೂ ಅದೇ ಕಾರಣ. ಯಾವ ಗಂಡಸು ಆ ಮನೆಯ ಹುಡುಗಿಯ ಹತ್ತಿರ ಸಲೀಸಾಗಿ ಜಗಳವಾಡುತ್ತಾನೆ?

ಕೆಲೆಪಿ ಒಬ್ಬನೇ ಆಡುತ್ತಿದ್ದ. ಬೆಳಗಿನ ರೇಡಿಯೋ ಕಾರ್ಯಕ್ರಮ ಅವನದು. ಕೀರ್ತನೆ, ಹವಾಮಾನ, ಹಡಗಿನ ವೇಳೆ, ಕೊನೆಗೆ ಸಾವಿನ ಸುದ್ದಿ. ಸತ್ತವರ ಹೆಸರು, ಊರು, ಮಕ್ಕಳು, ಮೊಮ್ಮಕ್ಕಳು, ಒಬ್ಬರನ್ನೂ ಬಿಡದೆ ನಿಧಾನವಾಗಿ ಓದುತ್ತಿದ್ದ. ಆಮೇಲೆ ನೇರವಾಗಿ ನನ್ನ ಅಂಗಡಿಗೆ ಬರುತ್ತಿದ್ದ.

"ಅಲಿಸೀ, ನಿನ್ನೆ ಬನ್ನು ಕಲ್ಲಾಗಿತ್ತು. ಹಲ್ಲು ಅಲ್ಲಾಡ್ತಿದೆ."

"ಹಲ್ಲಿಗೆ ವಯಸ್ಸಾಯ್ತು. ಬನ್ನಿಗೇನೂ ಆಗಿಲ್ಲ."

"ಹಂಗಾದ್ರೆ ಒಂದು ಜಾಸ್ತಿ ಕೊಡು, ಇನ್ನೊಂದು ಕಡೆ ಹಲ್ಲಲ್ಲಿ ನೋಡ್ತೀನಿ."

ಒಂದು ಬೆಳಿಗ್ಗೆ ಹವಾಮಾನ ಓದುತ್ತ ಅವನು ಹೇಳಿದ, "ಇವತ್ತು ಗಾಳಿ ಪೂರ್ವದಿಂದ. ಮಾವ ಎದ್ದ ಮೇಲೆ ಅಪ್ಪಣೆ ಆದ್ರೆ ಪಶ್ಚಿಮದಿಂದಲೂ ಬೀಸಬಹುದು." ನಾನು ಒಲೆಯ ಮುಂದೆ ಒಬ್ಬಳೇ ನಕ್ಕೆ. ಆ ದಿನ ಅವನು ಬನ್ನಿಗೆ ಬರಲಿಲ್ಲ. ನೀಲಿ ಅಂಗಿಯವರು ರೇಡಿಯೋ ಕೇಂದ್ರದ ಮೆಟ್ಟಿಲಲ್ಲೇ ಅವನನ್ನು ಹಿಡಿದಿದ್ದರು. ಹುಡುಗಾಟಕ್ಕೆ ಎರಡು ದಿನ ಕೂಡಿಹಾಕಿ ಬಿಡುತ್ತಾರೆ ಅಂದುಕೊಂಡೆವು. ತಿಂಗಳುಗಳು ಕಳೆದವು. ಅವನ ಹೊತ್ತಿನಲ್ಲಿ ರೇಡಿಯೋ ಮಾವನ ಹಿಂದಿನ ಸಂಜೆಯ ಮಾತನ್ನೇ ಮತ್ತೆ ಹಾಕತೊಡಗಿತು.

ಆ ವರ್ಷ ಫಾಲೆವೈಗೆ ಹೋದಾಗ ಅಮ್ಮ ಗರಿ ಮುಟ್ಟದೆ ಸುಮ್ಮನೆ ಕೂತಿದ್ದಳು. ಅವಳ ಬಾಲ್ಯದ ಗೆಳತಿ ವೇನಾ ಮೊಟುಇಕಿಯಲ್ಲಿ ತೀರಿಕೊಂಡಿದ್ದಳು. ಅಮ್ಮನಿಗೆ ಗೊತ್ತಾಗಿದ್ದು ಮಣ್ಣು ಮಾಡಿ ವಾರವಾದ ಮೇಲೆ, ಹಡಗಿನಿಂದ ಇಳಿದ ಯಾರೋ ಹೇಳಿದಾಗ.

"ಅವಳನ್ನ ಸುತ್ತೋಕೆ ಅಂತ ಚಾಪೆ ಎತ್ತಿಟ್ಟಿದ್ದೆ ಕಣೇ," ಅಂದಳು. "ನಾವಿಬ್ಬರೂ ಮಾತು ಕೊಟ್ಕೊಂಡಿದ್ವು, ಮೊದಲು ಹೋದೋರಿಗೆ ಉಳಿದೋರು ಹೆಣೆದ ಚಾಪೆ ಅಂತ. ಬೇರೆ ಯಾರದೋ ಚಾಪೇಲಿ ಹೋದ್ಲು. ರೇಡಿಯೋ ದಿನಾ ಹಾಕಿರ್ತೀನಲ್ಲ, ಯಾಕೆ ಹೇಳಲಿಲ್ಲ ಅವರು?"

"ಸಾವಿನ ಸುದ್ದಿ ಓದೋನು ಜೈಲಲ್ಲಿದಾನೆ ಅಮ್ಮ."

"ಯಾರು, ಆ ಕೆಲೆಪಿನಾ? ಯಾಕೆ?"

ಗಾಳಿಯ ಮಾತು ಹೇಳಿದೆ. ಅಮ್ಮ ನಗಲಿಲ್ಲ. ಹೊರಗಿನ ಮೆಟ್ಟಿಲ ಕಡೆ ನೋಡಿದಳು.

"ಇಷ್ಟಕ್ಕಾ?" ಅಂದಳು. "ನನ್ನ ಮಾಟೇನಿ ಇಷ್ಟಕ್ಕೆ ಒಬ್ಬನ್ನ ಕೂಡಿಹಾಕಿದ್ನಾ?" ಎದ್ದು ಹೋಗಿ ಮರದ ಪೆಟ್ಟಿಗೆಯಿಂದ ವೇನಾಳಿಗೆಂದು ಹೆಣೆದಿದ್ದ ಚಾಪೆ ತೆಗೆದು ನನ್ನ ತೊಡೆಯ ಮೇಲೆ ಇಟ್ಟಳು. "ದೇಶಾನೇ ನನ್ನ ಮನೆ ಅಂತಾನಲ್ಲ, ಜೈಲೂ ಆ ಮನೇದೇ ಒಂದು ಕೋಣೆ. ಅವನ ಮನೇಲಿ ನಿನಗೆ ಹಕ್ಕಿಲ್ವಾ? ಹೋಗಿ ತಗೊಂಡ್ ಬಾ."

"ಮನುಷ್ಯನನ್ನಾ?"

"ಚಿಕ್ಕವಳಿದ್ದಾಗ ಹುಂಜ ತರ್ಲಿಲ್ವಾ? ಅದಕ್ಕೂ ಜೀವ ಇತ್ತು."

ಸೋಮವಾರ ಬೆಳಿಗ್ಗೆ ಅಂಗಡಿ ಮುಚ್ಚಿ, ಹಬ್ಬದ ಬಟ್ಟೆ ಉಟ್ಟು, ಚಾಪೆ ಸುತ್ತಿ ಹೆಗಲ ಮೇಲಿಟ್ಟುಕೊಂಡು ಜೈಲಿಗೆ ನಡೆದೆ. ಜೈಲರ್ ಇಸಿಲೇಲಿ ಗಿಡ್ಡ ದೇಹದ, ಸಾಧು ಮನುಷ್ಯ. ಭಾನುವಾರ ಚರ್ಚಿನ ಮೇಳದಲ್ಲಿ ಮಂದ್ರ ಹಾಡುತ್ತಿದ್ದ. ನನ್ನ ಹೆಗಲ ಮೇಲಿನ ಚಾಪೆ ಕಂಡೊಡನೆ ಅವನಿಗೆ ಅರ್ಥವಾಗಿಹೋಯಿತು.

"ಬೇಡ ಅಲಿಸಿ. ಬೇಡ ತಾಯಿ. ನಂಗೆ ಮಕ್ಕಳಿದಾರೆ."

"ನಿನಗೆ ಸೋದರಸೊಸೆಯರೂ ಇದಾರಲ್ಲ?"

"ಇದಾರೆ, ಯಾಕಿಲ್ಲ! ಹೋದ ವಾರ ದೊಡ್ಡವಳು ಬಂದು ಹೊಸ ಸೈಕಲ್ ತಗೊಂಡ್ ಹೋದ್ಲು. ನಾನೇ ಇನ್ನೂ ಅದರ ಮೇಲೆ ಕೂತಿರಲಿಲ್ಲ."

"ಏನಾದ್ರೂ ಅಂದ್ಯಾ?"

"ಏನಂತೀನಿ? ಟೈರಿಗೆ ಗಾಳಿ ಹೊಡೆದು ಕೊಟ್ಟೆ."

"ಹಂಗಾದ್ರೆ ನಮ್ಮ ಮಾವನಿಗೆ ಫೋನ್ ಮಾಡು. ನಿಮ್ಮಕ್ಕನ ಮಗಳು ಚಾಪೆ ತಂದಿದಾಳೆ, ನಿಮ್ಮ ಪರವಾಗಿ ಬೇಡ ಅನ್ಲಾ ಅಂತ ಕೇಳು."

ಅವನು ಫೋನ್ ಮಾಡಿದ. ಆ ಕಡೆ ಎತ್ತಿದ್ದು ಮಾವನ ಕಾರ್ಯದರ್ಶಿ. ಅವನು ಎಲ್ಲ ಕೇಳಿ, ಅಧ್ಯಕ್ಷರು ಸ್ನಾನಕ್ಕೆ ಹೋಗಿದಾರೆ, ಈ ಫೋನು ಬಂದಿದ್ದೇ ನನಗೆ ಗೊತ್ತಿಲ್ಲ ಅಂತ ಇಟ್ಟುಬಿಟ್ಟ. ಇಸಿಲೇಲಿ ಹಣೆ ಒರೆಸಿಕೊಂಡ. ಚಾಪೆಯ ಅಂಚನ್ನು ಬೆರಳಲ್ಲಿ ಸವರಿ ನೋಡಿ, "ನಿಮ್ಮಮ್ಮ ಲಾವಿನಿಯಾರ ಕೈಯದೇ" ಅಂದ. ಬೀಗದ ಕೈ ತೆಗೆದುಕೊಂಡ.

ಕೆಲೆಪಿ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ. ಅರ್ಧ ಆಳಾಗಿದ್ದ. ಒಂದು ಕಿವಿಯ ಹತ್ತಿರ ಹಳೆ ಗಾಯ. ಆ ಕಿವಿ ಕೇಳುವುದಿಲ್ಲ ಅಂತ ಆಮೇಲೆ ತಿಳಿಯಿತು. ಮಾತಿಲ್ಲದೆ ಹೋಗಿ ಹೆಗಲ ಮೇಲೆ ಚಾಪೆ ಹೊದಿಸಿದೆ. ಅವನು ತಲೆಯೆತ್ತಿ ನೋಡಿದ.

"ಇದೇನು, ನಾನು ಸತ್ತೋದ್ನಾ? ಸುತ್ತೋಕೆ ಬಂದಿದೀಯಾ?"

"ಇನ್ನೂ ಇಲ್ಲ. ಸುಮ್ನೆ ನಡಿ."

"ಸಾವಿನ ಸುದ್ದಿ ಓದೋರ್ಯಾರು?" ಅಂದ. ನಗುತ್ತ ಹೇಳಲು ಹೋದವನ ದನಿ ನಡುವೆಯೇ ಮುರಿಯಿತು. ನಾನು ಕೈ ಹಿಡಿದುಕೊಂಡೆ. ಗೇಟಿನಿಂದ ಹೊರಗೆ, ಮಾರುಕಟ್ಟೆಯ ನಡುವೆ ಹಾದು, ಬಂದರಿನ ಹತ್ತಿರ ನಿಲ್ಲುವ ಫಾಲೆವೈ ಬಸ್ಸಿನ ಕಡೆ ನಡೆದೆವು. ಮೀನು ಮಾರುವ ಹೆಂಗಸರು ಎದ್ದು ನಿಂತರು. ಒಬ್ಬ ನೀಲಿ ಅಂಗಿಯವನು ಅಡ್ಡ ಬಂದ. ಚಾಪೆ ನೋಡಿದ, ನನ್ನ ಮುಖ ನೋಡಿದ, ದಾರಿ ಬಿಟ್ಟ. ಅವನಿಗೂ ಮಾವಂದಿರಿದ್ದರು.

ಮೂರನೇ ದಿನ ಮಾವ ಫಾಲೆವೈಗೆ ಬಂದ. ಅವನ ಸಿಟ್ಟು ಕಾರಿನ ಬಾಗಿಲು ಹಾಕಿದ ಸದ್ದಿನಲ್ಲೇ ಕೇಳಿಸಿತು. ಆದರೂ ಬೂಟು ಬಿಚ್ಚಿ ಮೆಟ್ಟಿಲ ಮೇಲೆ ಕೂತ.

"ಅಕ್ಕಾ, ನಿನ್ನ ಮಗಳು ನನ್ನ ಮಾನ ಕಳೆದ್ಲು."

"ಚಾಪೆ ಹಾಕಿದ್ಲು ಅಷ್ಟೇ," ಅಂದಳು ಅಮ್ಮ ಒಳಗಿನಿಂದ.

"ಜೈಲಲ್ಲಿ ಅಕ್ಕಾ! ಜೈಲಲ್ಲಿ ಯಾರಾದ್ರೂ ಚಾಪೆ ಹಾಕ್ತಾರಾ?"

"ದೇಶ ಎಲ್ಲಾ ನನ್ನ ಮನೆ ಅಂತ ನೀನೇ ಹೇಳಿದ್ದು. ನಂಗೆ ಕಿವಿ ಇನ್ನೂ ಚೆನ್ನಾಗಿ ಕೇಳುತ್ತೆ."

"ಅದು ಮಾತಿಗೆ ಹೇಳೋದು."

"ಸರಿ ಹಂಗಾದ್ರೆ. ಇವತ್ತು ಸಂಜೆ ರೇಡಿಯೋದಲ್ಲಿ ಹೇಳು. ಮಾವ ಅಂದಿದ್ದು ಮಾತಿಗೆ, ನಾನು ಯಾರಿಗೂ ಮಾವ ಅಲ್ಲ ಅಂತ."

ನಾನು ಕಿಟಕಿಯ ಹಿಂದೆ ನಿಂತು ಮಾವನ ಕತ್ತನ್ನೇ ನೋಡುತ್ತಿದ್ದೆ. ಕಾಲರಿನ ಮೇಲೆ ಚರ್ಮ ಸುಕ್ಕುಗಟ್ಟಿತ್ತು. ವೇನಾಳ ಸಂಗತಿಯನ್ನು ಅಮ್ಮ ಹೇಳಿದಳು, ಜಗಳವಿಲ್ಲದೆ, ನಡೆದದ್ದನ್ನು ನಡೆದ ಹಾಗೆ. ವೇನಾ ಅವನಿಗೂ ಚಿಕ್ಕಂದಿನಲ್ಲಿ ಗೆಡ್ಡೆ ಸುಟ್ಟು ಕೊಟ್ಟವಳು. ಅವನು ತಲೆ ತಗ್ಗಿಸಿದ.

"ನಂಗೆ ಯಾರೂ ಹೇಳಲಿಲ್ಲ," ಅಂದ.

"ಯಾರು ಹೇಳ್ತಾರೆ? ಹೇಳೋರನ್ನ ಒಳಗಿಟ್ಟಿದೀಯ."

ಆಮೇಲೆ ಕೇಳಿದ, "ಅವನು ಒಳಗಿದಾನಾ?"

"ಇದಾನೆ. ಅಡಿಗೆಮನೇಲಿ ಗೆಡ್ಡೆ ಸುಲೀತಿದಾನೆ."

"ಸರಿಯಾಗಿ ಸುಲೀತಾನಾ?"

"ಎಲ್ಲಿ? ಅರ್ಧ ಗೆಡ್ಡೆ ಸಿಪ್ಪೇಲೇ ಹೋಗ್ತಿದೆ."

ಆಗ ಕೆಲೆಪಿ ಅಡಿಗೆಮನೆಯ ಬಾಗಿಲಿಗೆ ಬಂದ. ಕೈಯಲ್ಲಿ ಚಾಕು ಇದ್ದದ್ದನ್ನು ಕಂಡು ನಾನು ಹೆದರಿ ಕಸಿದುಕೊಂಡೆ. ಅವನಿಗೆ ಅದರ ಪರಿವೆಯೇ ಇರಲಿಲ್ಲ. "ಅಧ್ಯಕ್ಷರೇ," ಅಂದ. ಮಾವ ಅನ್ನಲಿಲ್ಲ. "ಫಿಲಿಮೋನೆ ಅಜ್ಜನಿಗೆ ಸಕ್ಕರೆ ಕಾಯಿಲೆ. ಕಾಲು ಕೊಳೀತಿದೆ. ಅವರನ್ನ ಆಸ್ಪತ್ರೆಗೆ ಸೇರಿಸಿ. ನನ್ನದೇನೂ ಇಲ್ಲ." ಮಾವ ಬೂಟು ಹಾಕಿಕೊಂಡು ಹೋದ. ಅಮ್ಮ ಕಿಟಕಿಯಿಂದ ನೀಡಿದ ಮೀನಿನ ಪೊಟ್ಟಣ ಮೆಟ್ಟಿಲ ಮೇಲೇ ಉಳಿಯಿತು. ಅದೊಂದೇ ಸಲ ಅವನು ಮರೆತದ್ದು.

ಆದರೆ ಅಷ್ಟರಲ್ಲಿ ಸುದ್ದಿ ಹಡಗಿನ ಜೊತೆಗೇ ಎಲ್ಲ ದ್ವೀಪಗಳಿಗೂ ಹೋಗಿತ್ತು. ಮುಂದಿನ ಸೋಮವಾರ ಜೈಲಿನ ಗೇಟಿಗೆ ಇಪ್ಪತ್ತು ಮೂವತ್ತು ಹೆಂಗಸರು ಬಂದರು, ಪ್ರತಿಯೊಬ್ಬಳ ಹೆಗಲ ಮೇಲೂ ಒಂದೊಂದು ಚಾಪೆ. ಎಲ್ಲರಿಗಿಂತ ಮುಂದೆ ಫಿಲಿಮೋನೆಯ ಹೆಂಡತಿ ಸೆಲಾ.

"ನೀವು ಯಾರೂ ಅಧ್ಯಕ್ಷರ ಅಕ್ಕನ ಮಕ್ಕಳಲ್ಲವಲ್ಲಮ್ಮ!" ಅಂತ ಇಸಿಲೇಲಿ ಗೋಗರೆದ.

"ಯಾಕಲ್ಲ?" ಅಂದಳು ಸೆಲಾ. "ಹದಿನೇಳು ವರ್ಷದಿಂದ ದಿನಾ ಸಂಜೆ ಹೇಳ್ತಾನೆ, ನಿಮ್ಮೆಲ್ಲರ ಸೋದರಮಾವ ಅಂತ. ಊಟ ತಣ್ಣಗೆ ಮಾಡ್ಕೊಂಡು ಕೇಳಿದೀವಿ. ಬಾಗಿಲು ತೆಗಿ."

ಈ ಸಲ ಇಸಿಲೇಲಿ ಯಾರಿಗೂ ಫೋನ್ ಮಾಡಲಿಲ್ಲ. ಸಂಜೆಯ ಹೊತ್ತಿಗೆ ಜೈಲಿನಲ್ಲಿ ಉಳಿದವರು ಒಬ್ಬ ಹಂದಿಗಳ್ಳ, ಕುಡಿದು ಚರ್ಚಿನ ಗಂಟೆ ಒಡೆದಿದ್ದ ಇನ್ನೊಬ್ಬ. ಊರಿಗೆಲ್ಲ ಉಸಿರು ಹಿಡಿದ ಹಾಗಾಗಿತ್ತು. ಪೊಲೀಸರು ಬರುತ್ತಾರೆ, ಬಂದೂಕು ಬರುತ್ತದೆ ಅಂತ. ರೇಡಿಯೋ ಹಾಕಿದೆವು. ಮಾವನ ದನಿ ಬಂತು. "ನನ್ನ ಸೊಸೆಯರು ಮನೆಗೆ ಬಂದಿದ್ರು. ಮಾವನ ಮನೆಯಿಂದ ಬರಿಗೈಲಿ ಯಾರೂ ಹೋಗಬಾರದು. ಕೊಟ್ಟು ಕಳಿಸಿದೀನಿ." ಇಷ್ಟೇ. ಐದು ನಿಮಿಷಕ್ಕೆ ಮುಗಿಯಿತು.

"ನೋಡು, ಇದನ್ನೂ ಅವನೇ ಕೊಟ್ಟ ಹಾಗಾಯ್ತು!" ಅಂತ ಕೆಲೆಪಿ ಹೊಟ್ಟೆ ಹಿಡಿದು ನಕ್ಕ. ಅಮ್ಮ ಕೂಡ ನಕ್ಕಳು. ಆ ಸಂಜೆ ಇಡೀ ದೇಶ ಬಿಸಿಬಿಸಿ ಊಟ ಮಾಡಿತು.

ಹೆದರಿಕೆ ಒಂದು ಸಲ ಬಿಟ್ಟರೆ ಮತ್ತೆ ಹಿಡಿಯುವುದು ಕಷ್ಟ. ಜನ ರೇಡಿಯೋ ಆರಿಸಿ ಊಟಕ್ಕೆ ಕೂತರು, ನೀಲಿ ಅಂಗಿಯ ಹುಡುಗರು ಒಬ್ಬೊಬ್ಬರಾಗಿ ಅಂಗಿ ಬಿಚ್ಚಿಟ್ಟು ಮೀನಿಗೆ ಹೋದರು. ಮಾವನಿಗೆ ಇದು ಅರ್ಥವಾಗಲಿಲ್ಲ. ಜನ ತನ್ನನ್ನು ಪ್ರೀತಿಸುತ್ತಾರೆ ಅನ್ನುವುದರಲ್ಲಿ ಅವನಿಗೆ ಕೊನೆಯ ತನಕ ಅನುಮಾನವಿರಲಿಲ್ಲ. ಚುನಾವಣೆ ಹತ್ತಿರ ಬಂದಾಗ ಮಂತ್ರಿಗಳು ಬೇಡವೆಂದರೂ, "ಇನ್ನೊಂದು ಹೆಸರು ಹಾಕ್ರಯ್ಯ, ನೋಡೇಬಿಡೋಣ" ಅಂದ. ಇನ್ನೊಂದು ಹೆಸರು ಹೆಡ್‌ಮಿಸ್ಟ್ರೆಸ್ ವಾಸಿತಿಯದು. ಅರ್ಧ ದೇಶಕ್ಕೆ ಕಾಗುಣಿತ ಕಲಿಸಿದವಳು, ಮೆತ್ತಗೆ ಮಾತಾಡುವವಳು.

ಎಣಿಕೆಯ ದಿನ ಮಧ್ಯಾಹ್ನ ಮಾವ ನಮ್ಮ ಮೆಟ್ಟಿಲಿಗೇ ಬಂದು ಕೂತ. ಕೆಲೆಪಿ ಆಗಲೇ ರೇಡಿಯೋಗೆ ವಾಪಸು ಹೋಗಿದ್ದ. ಒಂದೊಂದು ಊರಿನ ವೋಟನ್ನೂ ಸಾವಿನ ಸುದ್ದಿಯಷ್ಟೇ ನಿಧಾನವಾಗಿ ಓದುತ್ತಿದ್ದ. ವಾಸಿತಿ ಸ್ವಲ್ಪ ಮುಂದಿದ್ದಳು. ಹೊರಗಿನ ದ್ವೀಪಗಳ ಪೆಟ್ಟಿಗೆಗಳು ಇನ್ನೂ ಫೆರಿಯಲ್ಲಿ ಬರುತ್ತಿದ್ದವು. ಅಷ್ಟರಲ್ಲಿ ಕಮಿಷನರ ಜೀಪು ಬಂತು. ಅವನು ಬಗ್ಗಿ ಮಾವನ ಕಿವಿಯ ಹತ್ತಿರ ಹೇಳಿದರೂ ನಮಗೆ ಕೇಳಿಸಿತು.

"ಮಾವ, ಸಮುದ್ರ ಒರಟಾಗಿದೆ. ಪೆಟ್ಟಿಗೆ ಒಂದೆರಡು ನೀರಿಗೆ ಬಿದ್ದುಹೋದ್ರೆ ಯಾರೂ ಏನೂ ಅನ್ನಲ್ಲ. ನೀವು ಹೂಂ ಅಂದ್ರೆ ಸಾಕು."

ಒಳಗೆ ಅಮ್ಮನ ಕೈ ನಿಂತಿತು. ಅವಳು ಒಂದು ಮಾತೂ ಆಡಲಿಲ್ಲ. ಮಾವ ಎದ್ದು ನಿಂತ. ಅವನ ಮುಖ ಕೆಂಪಗಾಗಿತ್ತು.

"ಯಾವ ಹಡಗು?" ಅಂದ.

"ಅದೇ, ನಿಮ್ಮ ಹಳೇ ಹಡಗು."

"ನನ್ನ ಹಡಗಿಂದ ಯಾವತ್ತಾದ್ರೂ ಏನಾದ್ರೂ ನೀರಿಗೆ ಬಿದ್ದಿದ್ಯೇನೋ? ಚಂಡಮಾರುತದಲ್ಲಿ ಒಂದು ಹಂದಿಮರಿ ಬಿದ್ದಿಲ್ಲ! ಬೆಳದಿಂಗಳಲ್ಲಿ ಮಗು ಹೊತ್ತ ಹಾಗೆ ತರಬೇಕು ಪೆಟ್ಟಿಗೆಗಳನ್ನ, ಅಂತ ಕಪ್ತಾನನಿಗೆ ಹೇಳು. ಹೋಗು!"

ಪೆಟ್ಟಿಗೆಗಳು ಬಂದವು. ಮೊಟುಇಕಿಯವರು ಮಾವನಿಗೇ ಹಾಕಿದ್ದರು, ಒಬ್ಬರೂ ತಪ್ಪದೆ. ಉಳಿದವರು ಹಾಕಿರಲಿಲ್ಲ. ಕೆಲೆಪಿ ಓದಿ ಮುಗಿಸಿದಾಗ ಮಾವ ಸೋತಿದ್ದ. ಅವನು ಸಮುದ್ರದ ಕಡೆ ತಿರುಗಿದ. "ಮೊಟುಇಕಿಯೋರು ಮರೆತಿಲ್ಲ ಅಕ್ಕಾ," ಅಂದ. "ಮರೀತಾರಾ?" ಅಂದಳು ಅಮ್ಮ. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಅವನು ಹೊರಗಿದ್ದುದರಿಂದ ನೋಡಲಿಲ್ಲ.

ಅವನು ಊರಿಗೇ ವಾಪಸು ಬಂದ. ನಮ್ಮ ಮನೆಯ ಹಿಂದಿನ ತೋಟದಲ್ಲಿ ಗುಡಿಸಲು ಹಾಕಿಕೊಂಡು ಗೆಣಸು ಹಾಕಿದ. ಮೊದಲ ಎರಡು ವರ್ಷ, ಜನ ಇವತ್ತು ಕರೀತಾರೆ, ನಾಳೆ ಕರೀತಾರೆ ಅಂತ ಶರಟು ಇಸ್ತ್ರಿ ಮಾಡಿಸಿ ಇಟ್ಟಿದ್ದ. ಆಮೇಲೆ ಆ ಶರಟುಗಳನ್ನು ಹಾಕಿಕೊಂಡೇ ಗೆಣಸು ಅಗೆಯತೊಡಗಿದ. ಕೆಲವರು ದಾರಿಯಲ್ಲಿ ಕಂಡರೆ ಕೈ ಮುಟ್ಟಿ, ಹಿಡಿದ ಮೀನಿನಲ್ಲಿ ಒಂದು ಕೊಟ್ಟು ಹೋಗುತ್ತಾರೆ. ಕೆಲವರು ಮುಖ ತಿರುಗಿಸುತ್ತಾರೆ. ಎರಡನ್ನೂ ಅವನು ತೆಗೆದುಕೊಳ್ಳುತ್ತಾನೆ.

ನಾನೂ ಕೆಲೆಪಿಯೂ ಮದುವೆಯಾದೆವು. ಆಗ ಮಾವನೇ ನೆಲದೊಲೆ ಅಗೆದು ಹಂದಿ ಬೇಯಿಸಿದ. ಮದುವೆಯಲ್ಲಿ ಸೋದರಮಾವನ ಕೆಲಸ ಅದು. ಹೊಗೆಯಲ್ಲಿ ಕೆಮ್ಮುತ್ತ ಕೂತವನ ಹತ್ತಿರ ಕೆಲೆಪಿ ಹೋಗಿ ನೀರು ಕೊಟ್ಟ. ಏನು ಮಾತಾಡಿಕೊಂಡರೋ ಗೊತ್ತಿಲ್ಲ. ಕೇಳಿದರೆ ಕೆಲೆಪಿ, "ಆ ಕಡೆ ಕಿವಿಗೆ ಹೇಳಿದ, ಕೇಳಿಸಲಿಲ್ಲ" ಅನ್ನುತ್ತಾನೆ.

ಈಗ ಗುರುವಾರ ಬೆಳಿಗ್ಗೆ ರೇಡಿಯೋದಲ್ಲಿ ಜನರ ದೂರು ಕೇಳುವ ಕಾರ್ಯಕ್ರಮ ಇದೆ. ಮಾವ ತಪ್ಪದೆ ಫೋನ್ ಮಾಡುತ್ತಾನೆ. ಫೆರಿ ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ, ಹೊಸ ಕಪ್ತಾನನಿಗೆ ಹವಳದ ದಂಡೆಯ ಅಂದಾಜಿಲ್ಲ ಅಂತ ಶುರು ಮಾಡಿದರೆ ನಿಲ್ಲಿಸುವುದಿಲ್ಲ. "ಒಬ್ಬರಿಗೆ ಎರಡು ನಿಮಿಷ ಮಾವ, ಮುಂದಿನೋರು ಕಾಯ್ತಿದಾರೆ" ಅಂತ ಕೆಲೆಪಿ ಲೈನು ಕಡಿಯುತ್ತಾನೆ. ಮಾವ ಕೂಗಾಡಿಕೊಂಡು ಗೆಣಸಿನ ಪಾತಿಗೆ ಹೋಗುತ್ತಾನೆ. ಮುಂದಿನ ಗುರುವಾರ ಮತ್ತೆ ಮೊದಲ ಫೋನು ಅವನದೇ.

ಎಲ್ಲವೂ ಸರಿಹೋಯಿತು ಅಂತಲ್ಲ. ಫಿಲಿಮೋನೆ ಅಜ್ಜ ಕಾಲು ಕಳೆದುಕೊಂಡು, ಎರಡು ವರ್ಷ ಬದುಕಿ ಹೋದರು. ಆಮೇಲೆ ಸೆಲಾ ನಮ್ಮೂರಲ್ಲೇ ಮಗಳ ಮನೆಗೆ ಬಂದಳು. ಮಾವ ಚರ್ಚಿನ ಬಾಗಿಲಲ್ಲಿ ಪ್ರತಿ ಭಾನುವಾರ ಅವಳಿಗೆ ನಮಸ್ಕಾರ ಹೇಳುತ್ತಾನೆ. ಅವಳು ಅವನನ್ನು ಕಾಣದವಳ ಹಾಗೆ ಹೋಗುತ್ತಾಳೆ. ಕ್ಷಮೆ ಅನ್ನುವ ಮಾತು ಅವನ ಬಾಯಿಂದ ನಾನು ಕೇಳಿಲ್ಲ, ಬರುವುದೂ ಇಲ್ಲ. ಒಂದು ವರ್ಷ ಮೊದಲ ಕೊಯ್ಲಿನ ಗೆಣಸನ್ನು ಬುಟ್ಟಿಯಲ್ಲಿ ಹೊತ್ತು ಅವಳ ಬಾಗಿಲಲ್ಲಿ ಇಟ್ಟು ಬಂದ. ಬುಟ್ಟಿ ಹಾಗೇ ವಾಪಸು ಬಂತು. ಮುಂದಿನ ವರ್ಷವೂ ಇಟ್ಟ, ಅದೂ ಬಂತು. ಹೋದ ವರ್ಷ ಇಟ್ಟಾಗ ಬುಟ್ಟಿಯೊಂದೇ ಖಾಲಿಯಾಗಿ ಬಂತು. ಮಾವ ಅದನ್ನು ಹಿಡಿದುಕೊಂಡು ಅಂಗಳದಲ್ಲೇ ಬಹಳ ಹೊತ್ತು ನಿಂತಿದ್ದ. "ತಿಂದ್ಲೋ, ಹಂದಿಗೆ ಹಾಕಿದ್ಲೋ?" ಅಂತ ನನ್ನನ್ನು ಕೇಳಿದ. ಗೊತ್ತಿಲ್ಲ ಅಂದೆ. "ಹಂದಿಗೆ ಹಾಕಿದ್ರೂ ಪರವಾಗಿಲ್ಲ ಬಿಡು" ಅಂದ.

ಮೊನ್ನೆ ಭಾನುವಾರ ಅಮ್ಮನಿಗೆ ಎಂಬತ್ತು ತುಂಬಿತು. ಮಾವ ನಸುಕಿನಲ್ಲೇ ದೋಣಿ ತೆಗೆದುಕೊಂಡು ಹೋಗಿ ಒಂದು ದೊಡ್ಡ ಆಕ್ಟೋಪಸ್ ತಂದಿದ್ದ. ಅದನ್ನು ಕಲ್ಲಿಗೆ ಬಡಿದು ಮೆತ್ತಗೆ ಮಾಡಿ, ತೆಂಗಿನ ಹಾಲು ಹಿಂಡಿ ತಾನೇ ಬೇಯಿಸಿದ. ಅಮ್ಮ ತಿಂದು, "ಉಪ್ಪು ಜಾಸ್ತಿ ಮಾಟೇನಿ" ಅಂದಳು. "ಸಮುದ್ರದ್ದು ಅಕ್ಕಾ, ನಂದಲ್ಲ" ಅಂದ ಅವನು. ಊಟವಾದ ಮೇಲೆ ಗಂಡಸರು ಜೀಗುಜ್ಜೆ ಮರದ ಅಡಿಯಲ್ಲಿ, ಹೆಂಗಸರು ಒಳಗೆ ತಂಪು ನೆಲದ ಮೇಲೆ ಅಡ್ಡಾದೆವು. ಗಾಳಿ ಚೆನ್ನಾಗಿತ್ತು. ನಾಲ್ಕು ಗಂಟೆಯ ಚರ್ಚಿನ ಗಂಟೆ ಹೊಡೆಯುವ ತನಕ ಯಾರೂ ಏಳಲಿಲ್ಲ.